ಹಂಚಿಕೊಳ್ಳುವ ವಾರ

ಆ ಶಾಲೆಯಲ್ಲಿ ವಾರಕ್ಕೊಂದು ಸದ್ಗುಣ ಕಲಿಸುತ್ತಿದ್ದರು. ಹೋದ ವಾರ ವಿನಯ, ಅದಕ್ಕೂ ಹಿಂದಿನ ವಾರ ತಾಳ್ಮೆ. ತಾಳ್ಮೆಯ ಪಾಠ ಬೇಗ ಮುಗಿಸಿ ಎಂದು ದೊಡ್ಡ ಮಿಸ್ ದಿನಾ ಬಂದು ಗದರಿ ಹೋಗಿದ್ದರು. ಈ ವಾರ ಎರಡನೇ ತರಗತಿಯ ಬಾಗಿಲ ಮೇಲೆ ಬಣ್ಣದ ಕಾಗದ ಅಂಟಿಸಿತ್ತು: ‘ನಾವು ಕಲಿಯುತ್ತಿದ್ದೇವೆ: ಹಂಚಿಕೊಳ್ಳುವುದು.’ ಅರ್ಧ ಮಕ್ಕಳಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಪರವಾಗಿಲ್ಲ, ಅದನ್ನು ಬರೆದದ್ದು ಫೀಸು ಕಟ್ಟುವವರಿಗೆ.

ಎರಡನೇ ತರಗತಿಯ ಮಿಸ್‌ಗೆ ಮಾತ್ರ ಇದು ಸದ್ಗುಣದ ವಿಚಾರವಲ್ಲ, ಅನ್ನದ ವಿಚಾರ. ಸೇರಿದಾಗಿನಿಂದ ಅವಳದು ತಾತ್ಕಾಲಿಕ ಕೆಲಸ; ಯಾವ ರಜೆಯ ನಂತರ ಬೇಕಾದರೂ ಬರಬೇಡ ಎನ್ನಬಹುದಿತ್ತು. ಶನಿವಾರ ತಂದೆತಾಯಂದಿರ ಸಭೆ.

“ನಿಮ್ಮ ಮಕ್ಕಳು ಸ್ಟೇಜ್ ಮೇಲೆ ಚೆನ್ನಾಗಿ ಹಂಚ್ಕೊಂಡ್ರೆ ನಿಮ್ಮ ಕೆಲಸ ಕಾಯಂ ಮಾಡೋಣ,” ಎಂದಿದ್ದರು ದೊಡ್ಡ ಮಿಸ್.

ಮಿಸ್ ತಲೆ ಓಡಿಸಿ ಒಂದು ಆಟ ಹುಟ್ಟಿಸಿದಳು. ಒಂದು ಹಳದಿ ಉಣ್ಣೆ ಟೋಪಿ. ಹಾಕಿಕೊಂಡವರು ಸ್ವಲ್ಪ ಹೊತ್ತು ರಾಜ. ಆಮೇಲೆ ‘ನನ್ನದು ನಿನ್ನದೂ ಹೌದು’ ಎನ್ನುತ್ತಾ ತಮಗಿಷ್ಟವಾದವರ ತಲೆಗೆ ಹಾಕಬೇಕು. ತಂದೆತಾಯಂದಿರಿಗೆ ಟೋಪಿ ಹಾಕುವುದರಲ್ಲಿ ಶಾಲೆ ಮೊದಲೇ ಪಳಗಿತ್ತು, ಈಗ ಮಕ್ಕಳೂ ಕಲಿತರು. ಮಿಸ್ ತಾನೂ ಹಾಕಿಕೊಂಡು ರಾಣಿಯಾದಳು. ತನ್ನಂಥವಳು ಸಿಕ್ಕಿದ್ದು ಈ ಶಾಲೆಯ ಪುಣ್ಯ ಎಂದುಕೊಂಡಳು.

ಗುರುವಾರದ ಹೊತ್ತಿಗೆ ಇಡೀ ತರಗತಿ ತಲೆ ಕೆರೆದುಕೊಳ್ಳುತ್ತಿತ್ತು. ಗಣಿತದ ಪಾಠದಲ್ಲಿ ಅದು ಮಾಮೂಲಿ, ಹಾಗಾಗಿ ಮಿಸ್‌ಗೆ ಅನುಮಾನ ಬರಲಿಲ್ಲ. ಮನೆಯಲ್ಲಿ ಅವಳ ಕೈಯೂ ತಲೆ ಬಿಟ್ಟು ಇಳಿಯದ್ದನ್ನು ಅತ್ತೆ ನೋಡಿದರು. “ಏನಮ್ಮಾ, ಶಾಲೇಲಿ ಪಾಠ ಹೇಳ್ಕೊಡ್ತೀಯೋ, ತಲೆ ಬಾಡಿಗೆಗೆ ಕೊಟ್ಟಿದ್ದೀಯೋ?” ಎಂದವರೇ ಕೂರಿಸಿ, ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ಉಗುರಿನ ಮೇಲಿಟ್ಟು ಕುಕ್ಕಿ ತೋರಿಸಿದರು. ಹೇನು.

ಮರುದಿನ ಬೆಳಿಗ್ಗೆ ಡಾಕ್ಟರ ಹೆಂಡತಿ ಒಂದು ಸಣ್ಣ ಬಾಟಲಿ ಹಿಡಿದು ದೊಡ್ಡ ಮಿಸ್ ಕೋಣೆಗೇ ಬಂದರು. ಬಾಟಲಿಯೊಳಗೆ ಒಂದು ಹೇನು ಓಡಾಡುತ್ತಿತ್ತು.

“ನನ್ನ ಮಗ ಈ ವಾರ ಕಲಿತಿದ್ದು ಇದು. ನಮ್ಮ ಮನೇಲಿ ಮೂರು ತಲೆಮಾರಿಂದ ಯಾರೂ ಹೇನು ನೋಡಿಲ್ಲ!”

ಹೇನು ವಂಶ ವಿಚಾರಿಸಿಯೇ ತಲೆ ಹತ್ತುತ್ತದೆ ಎಂಬುದು ಡಾಕ್ಟರ ಮನೆಯಲ್ಲೂ ನಂಬಿಕೆಯಾಗಿದ್ದರೆ, ಉಳಿದವರ ಪಾಡೇನು? ದೊಡ್ಡ ಮಿಸ್ ಆಕೆಯನ್ನು ಸಮಾಧಾನಪಡಿಸಿ ಕಳಿಸಿ, ಕರೆಸಿಕೊಂಡಿದ್ದ ಮಿಸ್ ಕಡೆ ತಿರುಗಿದರು.

“ಯಾರಿಂದ ಶುರುವಾಯ್ತು? ಆ ಮಗು ಸಭೆ ಮುಗಿಯೋವರೆಗೆ ಮನೇಲಿರ್ಲಿ. ಯಾರೂಂತ ಹೇಳೋಕಾಗಲ್ಲ ಅಂದ್ರೆ ನಿಮ್ಮ ಕಾಯಂ ಆರ್ಡರ್ ವಿಷಯ ನಾನು ಮತ್ತೆ ಯೋಚಿಸ್ಬೇಕಾಗತ್ತೆ.”

ಮಿಸ್‌ಗೆ ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. “ಗುಜರಿಯವನ ಮಗಳಿರಬಹುದು ಮೇಡಂ,” ಎಂದಳು.

ಆ ಹುಡುಗಿಯ ಅಪ್ಪ ಹಳೇ ಕಬ್ಬಿಣ, ಹರಕು ಪೇಪರು ಕೊಳ್ಳುವವನು. ಕಸದ ನಡುವೆ ಬದುಕುವವರ ತಲೆಯಲ್ಲಿ ಹೇನಿಲ್ಲದೆ ಇರುತ್ತದೆಯೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು ಎಂದು ಮಿಸ್‌ಗೂ ಗೊತ್ತಿತ್ತು. ಆದರೆ ಬರೆ ತನ್ನ ಮೇಲೆ ಬೀಳುವುದಕ್ಕಿಂತ ಎಮ್ಮೆಯ ಮೇಲೆ ಬೀಳುವುದು ವಾಸಿ.

“ನಂಗೂ ಹಾಗೇ ಅನ್ನಿಸ್ತು. ಹೋಗಿ, ತಲೆ ನೋಡಿ ಬನ್ನಿ. ಸಾಕ್ಷಿಗೆ ಒಂದು ಸಿಕ್ರೂ ಸಾಕು.”

ಕೈ ತೊಳೆಯುವ ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಹುಡುಗಿಯನ್ನು ಕೂರಿಸಿ, ತೊಡೆಯ ಮೇಲೆ ಬಿಳಿ ಹಾಳೆ ಹಾಸಿ, ಮಿಸ್ ಮನೆಯಿಂದ ತಂದಿದ್ದ ಅತ್ತೆಯ ಬಾಚಣಿಗೆ ತೆಗೆದಳು. ಬಾಚಿದಳು. ಹಾಳೆ ಬೆಳ್ಳಗಿತ್ತು. ಕಿವಿಯ ಹಿಂದೆ ಬಾಚಿದಳು, ಕತ್ತಿನ ಮೇಲೆ ಬಾಚಿದಳು. ಹೇನು ಹೋಗಲಿ, ಒಂದು ಸೀರೂ ಬೀಳಲಿಲ್ಲ.

“ಎಲ್ರಿಗೂ ಆಗಿದೆ. ನಿಂಗೆ ಹೆಂಗಾಗ್ಲಿಲ್ಲ?” ಮಿಸ್ ದನಿಯಲ್ಲಿ ದೂರು ಇತ್ತು.

“ಟೋಪಿ ನನ್ನತ್ರ ಬರ್ಲಿಲ್ಲ ಮಿಸ್.”

“ಒಂದು ಸಲಾನೂ?”

“ಇಲ್ಲ ಮಿಸ್. ಟೋಪಿ ಸರಿಯಾಗಿ ಕೂರ್ಲಿ ಅಂತ ಅಮ್ಮ ದಿನಾ ಜಡೆ ಕೆಳಗೆ ಕಟ್ಟಿ ಕಳಿಸ್ತಾಳೆ.”

ಮಿಸ್ ಬಾಚಣಿಗೆ ಕೆಳಗಿಟ್ಟಳು. ಟೋಪಿ ಎಲ್ಲರ ತಲೆ ಸುತ್ತಿದೆ ಎಂದು ಅವಳು ದಿನಾ ದೊಡ್ಡ ಮಿಸ್‌ಗೆ ಹೇಳಿದ್ದಳು. ಇಡೀ ತರಗತಿಯಲ್ಲಿ ಒಂದು ತಲೆ ಬಿಟ್ಟುಹೋದದ್ದು ಅವಳಿಗೆ ಕಂಡಿರಲಿಲ್ಲ, ಹೇನು ಹುಡುಕುವಾಗ ಮಾತ್ರ ಆ ತಲೆಯೇ ಮೊದಲು ಕಂಡಿತ್ತು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಬಿಚ್ಚಿದ ಜಡೆಯನ್ನು ಮತ್ತೆ ಹೆಣೆದಳು, ಆ ತಾಯಿ ಕಟ್ಟಿದಷ್ಟೇ ಕೆಳಗೆ.

ವಿಷಯ ತಿಳಿದು ದೊಡ್ಡ ಮಿಸ್ ಮುಖ ಅರಳಿತು. ಹೇನಿಲ್ಲ ಎಂಬ ಅರ್ಧ ಸುದ್ದಿ ಮಾತ್ರ ಅವರ ಕಿವಿಗೆ ಬಿದ್ದಿತ್ತು, ಟೋಪಿ ಬರಲಿಲ್ಲ ಎಂಬ ಅರ್ಧ ಬೀಳಲಿಲ್ಲ.

“ಅಂದ್ರೆ ಕೆರ್ಕೊಳ್ದೆ ಇರೋ ತಲೆ ಅದೊಂದೇ? ಹಾಗಾದ್ರೆ ಅವಳನ್ನೇ ಮಧ್ಯದಲ್ಲಿ ನಿಲ್ಸಿ. ಫೋಟೋ ಚೆನ್ನಾಗಿ ಬರತ್ತೆ.”

ಶನಿವಾರ ಹೊಸ ಟೋಪಿ ಬಂತು. ಔಷಧಿ ಹಚ್ಚಿ ತೊಳೆದ ತಲೆಗಳು ಸಾಲಾಗಿ ನಿಂತವು. ದೊಡ್ಡ ಮಿಸ್ ತಮ್ಮ ಕೈಯಾರೆ ಗುಜರಿಯವನ ಮಗಳ ತಲೆಗೆ ಟೋಪಿ ಹಾಕಿದರು, ಕ್ಯಾಮೆರಾ ಮಿನುಗುವವರೆಗೂ ಕೈ ತೆಗೆಯಲಿಲ್ಲ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಗುಜರಿಯವನು ಎದ್ದು ನಿಂತೇ ತಟ್ಟಿದ.

ಇನ್ನು ಅವಳು ಟೋಪಿ ತೆಗೆದು ಪಕ್ಕದವನಿಗೆ ಹಾಕಬೇಕು. ಪಕ್ಕದಲ್ಲಿದ್ದವನು ಡಾಕ್ಟರ ಮಗ. ಅವನು ತಲೆ ಬಗ್ಗಿಸಿ ಕಾದ. ಹುಡುಗಿ ಎರಡೂ ಕೈಯಿಂದ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡು ಗಟ್ಟಿಯಾಗಿ ಹಿಡಿದು ನಿಂತಳು.

“ಕೊಡಮ್ಮಾ, ಹಂಚ್ಕೋಬೇಕಲ್ವಾ?” ಎಂದರು ಡಾಕ್ಟರ ಹೆಂಡತಿ ಮುಂದಿನ ಸಾಲಿನಿಂದ. ಹುಡುಗಿ ಅಲುಗಲಿಲ್ಲ. ಯಾರೋ ಕಿಸಕ್ಕೆಂದರು.

ದೊಡ್ಡ ಮಿಸ್ ನಗು ಕೆಡದಂತೆ ಹಲ್ಲು ಕಚ್ಚಿ, ಪಕ್ಕದಲ್ಲಿದ್ದ ಮಿಸ್‌ಗೆ ಪಿಸುಗುಟ್ಟಿದರು. “ಕೊಡೋಕೆ ಹೇಳ್ರೀ. ನಿಮ್ಮ ಆರ್ಡರ್ ನನ್ನ ಟೇಬಲ್ ಮೇಲಿದೆ, ಇನ್ನೂ ಸೈನ್ ಮಾಡಿಲ್ಲ.”

ಮಿಸ್ ಬಾಯಿ ತೆರೆದಳು. ಕೊಡು ಪುಟ್ಟಾ ಎಂದರೆ ಹುಡುಗಿ ಕೊಟ್ಟೇ ಕೊಡುತ್ತಾಳೆ, ಅದು ಅವಳಿಗೆ ಗೊತ್ತಿತ್ತು.

“ಆಗಲ್ಲ ಮೇಡಂ,” ಎಂದಳು. “ಅವಳ ಸರದಿ ಇನ್ನೂ ಮುಗಿದಿಲ್ಲ.”