ಕೊನೆಯ ಮುನ್ನೂರು ಮೀಟರು

ಮೂರು ವಾರದ ಸೈಕಲ್ ಪಂದ್ಯದ ಹದಿನೇಳನೆಯ ದಿನ. ಆ ದಿನದ ಓಟ ಗೆದ್ದವನು ಬೆಟ್ಟದ ತುದಿ ಮುಟ್ಟಿ ಮೂವತ್ತೆಂಟು ನಿಮಿಷವಾಗಿತ್ತು. ಗಡುವು ನಲವತ್ತೊಂದು ನಿಮಿಷ. ಅಷ್ಟರೊಳಗೆ ಕೊನೆಯ ಗೆರೆ ದಾಟದವನಿಗೆ ನಾಳೆಯ ಓಟವಿಲ್ಲ. ಡೆಲ್ಫೊ ಗೆರೆಗಿಂತ ಮುನ್ನೂರು ಮೀಟರು ಕೆಳಗೆ, ಕಬ್ಬಿಣದ ಬೇಲಿಗೆ ಒರಗಿ ಇಜೀನೊನ ದಾರಿ ಕಾಯುತ್ತಿದ್ದ. ಹನ್ನೊಂದು ವರ್ಷದಿಂದ ಪ್ರತಿ ಸಂಜೆ ಆ ಸವಾರನ ಕಾಲು ನೀವಿದವನು ಅವನು.

ಬೆಳಿಗ್ಗೆ ಮೊದಲ ಘಾಟಿಯಲ್ಲಿ ತಂಡದ ನಾಯಕನ ಚಕ್ರ ಪಂಕ್ಚರಾಗಿತ್ತು. ಇಜೀನೊ ತನ್ನದನ್ನು ಬಿಚ್ಚಿ ಕೊಟ್ಟ. ಅವನ ಕೆಲಸವೇ ಅದು, ಯಾರೂ ಕೇಳಬೇಕಿರಲಿಲ್ಲ. ತಂಡದ ಕಾರು ಬರುವವರೆಗೆ ಒಂಟಿ ಚಕ್ರದ ಸೈಕಲ್ ಹಿಡಿದು ಚಳಿಯಲ್ಲಿ ನಿಂತ.

ನಾಳೆಯ ದಾರಿ ಅವನ ಊರಿನ ನಡುವೆಯೇ ಹೋಗುತ್ತದೆ. ಆಗ ಪದ್ಧತಿಯಂತೆ ಇಡೀ ಗುಂಪು ನಿಧಾನಿಸಿ ಊರಿನವನನ್ನು ಮುಂದೆ ಬಿಡುತ್ತದೆ. ಅವನು ಇಳಿದು, ಮನೆಯವರಿಗೆ ಮುತ್ತಿಟ್ಟು, ಮತ್ತೆ ಏರುತ್ತಾನೆ. ಲಕ್ವ ಹೊಡೆದ ಅಪ್ಪನನ್ನು ಕುರ್ಚಿ ಸಮೇತ ರಸ್ತೆಗೆ ತಂದು ಕೂರಿಸುವುದೆಂದು ಮಾತಾಗಿತ್ತು.

"ಏನಯ್ಯಾ, ನಿನ್ನ ಹುಡುಗ ಚರ್ಚಿಗೆ ಹೋಗಿ ಪಾಪ ಒಪ್ಪಿಕೊಳ್ತಾ ಕೂತಿದಾನಾ?" ಪಕ್ಕದ ಉಣ್ಣೆ ಟೋಪಿಯ ಮುದುಕ ಕೇಳಿದ.

"ಅವನ ಪಾಪಕ್ಕೆ ಇಷ್ಟು ಹೊತ್ತು ಬೇಡ ಅಜ್ಜ."

ನಲವತ್ತು ನಿಮಿಷ ದಾಟಿದ ಮೇಲೆ ತಿರುವಿನಲ್ಲಿ ಇಜೀನೊ ಕಾಣಿಸಿದ. ಎಡಗಾಲು ಸೆಟೆದು ಕೊರಡಾಗಿತ್ತು. ಹಿಂದೆಯೇ ತೀರ್ಪುಗಾರನ ಬೈಕು.

"ಹೋಗಿ ತಳ್ಳಯ್ಯ, ನೋಡ್ತಾ ನಿಂತಿದೀಯಲ್ಲ."

"ತಂಡದವನು ಮುಟ್ಟಿದ್ರೆ ಇಲ್ಲೇ ಹೊರಗೆ ಹಾಕ್ತಾರೆ."

"ಮುಟ್ಟದಿದ್ರೆ?"

ಗಂಟು ಕಟ್ಟಿದ್ದು ಮೀನಖಂಡದ ಯಾವ ಜಾಗದಲ್ಲಿ ಎಂದು ಡೆಲ್ಫೊನ ಹೆಬ್ಬೆರಳಿಗೆ ಗೊತ್ತಿತ್ತು. ಎರಡು ಸಲ ಒತ್ತಿದರೆ ಬಿಡುತ್ತಿತ್ತು.

"ಇನ್ನೆಷ್ಟು ಹೊತ್ತಿದೆ, ಡೆಲ್ಫೊ?" ಇಜೀನೊ ತಲೆ ಎತ್ತದೆ ಕೇಳಿದ.

ಗಡುವು ಮುಗಿದು ಹತ್ತು ಸೆಕೆಂಡಾಗಿತ್ತು.

"ಇದೆ. ಹೋಗು ಮಗಾ, ಇದೆ."

ಹಾಗೆಂದದ್ದು ಯಾಕೆಂದು ಅವನಿಗೇ ತಿಳಿಯಲಿಲ್ಲ. ಇಜೀನೊ ಪೆಡಲ್ ಮೇಲೆ ಎದ್ದು ನಿಂತು ತುಳಿದ.

ಡೆಲ್ಫೊ ಓಡಿ ಗೆರೆಯ ಬಳಿ ಬರುವಷ್ಟರಲ್ಲಿ ಇಜೀನೊ ಗೆರೆ ದಾಟಿ ನೆಲದ ಮೇಲೆ ಕೂತಿದ್ದ. ಗಡಿಯಾರದ ಕಡೆಗೆ ನೋಡಿರಲೇ ಇಲ್ಲ. ಡೆಲ್ಫೊನ ಚೀಲಕ್ಕೆ ಕೈಹಾಕಿ ಫೋನು ತೆಗೆದುಕೊಂಡ.

"ಅಮ್ಮಾ, ಅಪ್ಪಂಗೆ ಗಡ್ಡ ಮಾಡಿಸು. ಹೂಂ, ಹೊತ್ತಿಗೆ ಮುಟ್ಟಿದೆ. ಡೆಲ್ಫೊನೇ ಹೇಳ್ದ."

ಡೆಲ್ಫೊ ಮಂಡಿಯೂರಿ ಆ ಎಡಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡ. ಆಚೆಯಿಂದ ತೀರ್ಪುಗಾರ ಹೊರಗಾದವರ ಪಟ್ಟಿಯ ಹಾಳೆ ಹಿಡಿದು ಬರುತ್ತಿದ್ದ. ಹೆಬ್ಬೆರಳ ಕೆಳಗೆ ಗಂಟು ಮೆಲ್ಲಗೆ ಸಡಿಲಾಯಿತು. ಅವನು ಒತ್ತುತ್ತಲೇ ಇದ್ದ.