ಅಳಿಸಿದ ಸಾಲುಗಳು

ಭಾವ ನಡೆಸುತ್ತಿದ್ದದ್ದು ಆಪ್ತಸಲಹೆಯ ವೆಬ್‌ಸೈಟು. ಗಂಡ ಹೆಂಡಿರ ಜಗಳ, ಮಕ್ಕಳ ಮುನಿಸು, ಯಾರಲ್ಲೂ ಹೇಳಿಕೊಳ್ಳಲಾಗದ ಸಂಕಟ, ಎಲ್ಲವನ್ನೂ ಜನ ಅಲ್ಲಿ ಬರೆದು ಕಳಿಸುತ್ತಿದ್ದರು. ಸಲಹೆಗಾರರು ಉತ್ತರ ಬರೆಯುತ್ತಿದ್ದರು. ಬರೆದದ್ದೆಲ್ಲ ಬಂದು ಸೇರುವ ಸರ್ವರ್ ನೋಡಿಕೊಳ್ಳುವ ಕೆಲಸ ಅವರ ಹೆಂಡತಿಯ ತಂಗಿಯದು.

ಮೊದಮೊದಲು ನೆಟ್‌ವರ್ಕ್ ಕಡಿದುಹೋದರೆ ಬರೆಯುತ್ತಿದ್ದವರನ್ನೂ ಅವರು ಬರೆದದ್ದನ್ನೂ ಸರ್ವರ್ ಮರೆತುಬಿಡುತ್ತಿತ್ತು. ಅತ್ತುಕೊಂಡು ಬರೆದದ್ದನ್ನು ಎರಡನೇ ಸಲ ಬರೆಯುವವರು ಯಾರು? ಅದಕ್ಕೇ ಅವಳು ಪ್ರತಿಯೊಬ್ಬರ ಸೆಷನ್, ಅಂದರೆ ಬಂದವರು ಯಾರು, ಎಲ್ಲಿಯವರೆಗೆ ಬರೆದಿದ್ದಾರೆ ಎಂಬುದೆಲ್ಲ, ಆಗಾಗ ತಾನಾಗಿ ಸರ್ವರ್‌ನಲ್ಲಿ ಉಳಿಯುವಂತೆ ಮಾಡಿದಳು. ಬರೆದವರು ಆಮೇಲೆ ಅಳಿಸಿದ ಸಾಲೂ ಅದರಲ್ಲಿ ಉಳಿಯುತ್ತಿತ್ತು. ಕಳಿಸಿದ ಮೇಲೆ ಅದೆಲ್ಲ ಅಳಿಸಿಹೋಗಬೇಕಿತ್ತು. "ಏನೂ ಅಳಿಸ್ಬೇಡ, ಇರ್ಲಿ ಬಿಡು, ಯಾವಾಗಾದ್ರೂ ಬೇಕಾಗುತ್ತೆ," ಅಂದಿದ್ದರು ಭಾವ.

ಒಂದು ಮಧ್ಯಾಹ್ನ ಆಫೀಸಿನಲ್ಲಿ ಚಹಾ ಕುಡಿಯುತ್ತ ಭಾವ ಫೋನು ನೋಡಿಕೊಂಡು ಏನೋ ಓದುತ್ತಿದ್ದರು. ಸುತ್ತ ಕೂತವರು ಬಿದ್ದು ಬಿದ್ದು ನಗುತ್ತಿದ್ದರು.

"ಇದನ್ನ ಕೇಳಿ. 'ಅತ್ತೆ ಸತ್ತ ದಿನ ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡು ನಕ್ಕೆ.' ಹೀಗೆ ಬರೆದು ಅಳಿಸಿದ್ದಾಳೆ. ಕಳಿಸಿದ್ದು ಮಾತ್ರ, 'ಅತ್ತೆ ಹೋದಮೇಲೆ ನಿದ್ದೆ ಬರ್ತಿಲ್ಲ' ಅಂತ. ಎಂಥಾ ನಾಟಕ ನೋಡಿ."

ಅಲ್ಲೇ ಕೂತಿದ್ದ ಹೆಂಡತಿಯ ತಂಗಿ ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗೆ ಹಾಕಿದಳು. ಆ ಸಾಲು ಉಳಿದದ್ದೇ ತನ್ನ ಕೈಕೆಲಸದಿಂದ. ಭಾವನ ಮೀಸೆಗೆ ಅಂಟಿದ್ದ ಬಿಸ್ಕತ್ತಿನ ಪುಡಿ, ಫೋನಿನ ಗಾಜಿನ ಮೇಲೆ ಜಿಡ್ಡು ಬೆರಳಿನ ಗುರುತು, ಎಲ್ಲ ಅವಳ ಕಣ್ಣಿಗೆ ಬಿತ್ತು.

"ಇದು ಓದೋದಕ್ಕೆ ಇಟ್ಟಿದ್ದಲ್ಲ, ಭಾವ."

"ನಾನೇನು ಹೆಸರು ಹೇಳಿದ್ನಾ? ಸುಮ್ನೆ ತಮಾಷೆಗೆ. ನೀನೊಬ್ಳು, ಎಲ್ಲದಕ್ಕೂ ಮುಖ ಸಿಂಡರಿಸ್ತೀಯ."

ಅವಳು ಎದ್ದು ತನ್ನ ಕುರ್ಚಿಗೆ ಹೋದಳು. ಅರ್ಧ ಬರೆದದ್ದು ಬರೆದವರ ಫೋನಿನಲ್ಲೇ ಉಳಿಯುವಂತೆ, ಕಳಿಸಿದೊಡನೆ ಅಲ್ಲಿಂದಲೂ ಹೋಗುವಂತೆ ಬದಲಾಯಿಸಿದಳು. ಸರ್ವರ್‌ನಲ್ಲಿ ಕೂಡಿಬಿದ್ದಿದ್ದನ್ನೆಲ್ಲ ಗುಡಿಸಿಹಾಕಿದಳು. ನಕಲು ಇಟ್ಟ ಜಾಗವನ್ನೂ ಬಿಡಲಿಲ್ಲ. ಆಮೇಲೆ ಭಾವನ ಮೇಜಿನ ಹತ್ತಿರ ನಿಂತು, "ಎಲ್ಲಾ ಅಳಿಸಿದೀನಿ. ನಾಳೆಯಿಂದ ಬೇರೆ ಯಾರನ್ನಾದ್ರೂ ಇಟ್ಕೊಳ್ಳಿ," ಅಂದಳು. ಭಾವ ತಲೆ ಎತ್ತುವಷ್ಟರಲ್ಲಿ ಚೀಲ ಹೆಗಲಿಗೇರಿಸಿ ಹೊರಟಾಗಿತ್ತು.

ಸಂಜೆ ಅಕ್ಕ ಫೋನ್ ಮಾಡಿದಳು. "ಇಷ್ಟು ಸಣ್ಣದಕ್ಕೆ ಕೆಲಸ ಬಿಡ್ತಾರೇನೇ? ಅವರು ಮನೇಲೂ ಊಟಕ್ಕೆ ಕೂತಾಗ ಓದ್ತಿದ್ರು. ಒಬ್ಬ ಮುದುಕ ಬರೆದಿದ್ದು ಕೇಳಿ ನಂಗಂತೂ ಅನ್ನ ನೆತ್ತಿಗೇರಿತ್ತು." ಹೇಳುತ್ತ ಹೇಳುತ್ತ ಅಕ್ಕನಿಗೆ ಈಗಲೂ ನಗು ಬಂತು.

ಅವಳು ಫೋನನ್ನು ಕಿವಿಯಿಂದ ದೂರ ಹಿಡಿದಳು. ನಗು ನಿಂತ ಮೇಲೆ, "ಇಡ್ತೀನಿ ಅಕ್ಕ," ಅಂದಳು. ಆಮೇಲೆ ಎಷ್ಟು ಸಲ ಕರೆದರೂ ಆ ಮನೆಯಲ್ಲಿ ಊಟಕ್ಕೆ ಕೂರಲಿಲ್ಲ.