ಧಾರೆಸೀರೆಯ ಕಲೆ

ಹೊಗೆಸೊಪ್ಪಿನ ಕಲೆಯಾದ ಬಟ್ಟೆಯನ್ನು ತಣ್ಣೀರಿಗೆ ಹಾಕಿದರೆ ಮೊದಲು ಒಂದೇ ಒಂದು ಕಂದು ಎಳೆ ಮೇಲೇಳುತ್ತದೆ. ಆಮೇಲೆ ಅದು ಬಿಡಿಸಿಕೊಂಡು ಹರಡುತ್ತದೆ. ಮದುವೆಯಾದ ನಾಲ್ಕು ವರ್ಷವೂ ಪ್ರತಿ ಬೆಳಿಗ್ಗೆ ನಾನು ಆ ಎಳೆಯನ್ನು ನೋಡಿದ್ದೇನೆ.

ನನ್ನ ಗಂಡ ಮುಕುಂದ ದವಡೆಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡೇ ಮಲಗುತ್ತಿದ್ದ. ದಿಂಬಿನ ಗವಸು ಕಲೆಯಾಗುತ್ತಿತ್ತು. ಅಮ್ಮನಿಗೆ ತಿಳಿದರೆ ಎದೆ ಒಡೆದುಕೊಳ್ಳುತ್ತಾಳೆ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ರಸಾಯನಶಾಸ್ತ್ರ ಓದಿದವಳು ನಾನು. ಮನೆಯವರು ಏಳುವ ಮೊದಲೇ ಗ್ಲಿಸರಿನ್ ಸವರಿ, ನೆನೆಸಿ, ಒಗೆದು ಹಾಕುತ್ತಿದ್ದೆ. ಗುರುತೇ ಉಳಿಯುತ್ತಿರಲಿಲ್ಲ. ಅದರ ಬಗ್ಗೆ ಸಣ್ಣ ಹೆಮ್ಮೆಯೂ ಇತ್ತು.

ಬಾಯಿಹುಣ್ಣು ತೋರಿಸಲು ಹೋದಾಗ ಡಾಕ್ಟರು ಏನಾದರೂ ಅಭ್ಯಾಸವಿದೆಯೇ ಎಂದು ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ. ಅತ್ತೆ ಪಕ್ಕದಲ್ಲೇ ನಿಂತಿದ್ದರು. ನಾನು ಸುಮ್ಮನಿದ್ದೆ. ಮೂವತ್ತೆರಡು ತುಂಬುವ ಮೊದಲೇ ಆ ಹುಣ್ಣಿನಿಂದಲೇ ಅವನು ಹೋದ.

ಹತ್ತು ತಿಂಗಳ ಮೇಲೆ ನಾದಿನಿ ವನಜಾಕ್ಷಿಯ ಮದುವೆ ಗೊತ್ತಾಯಿತು. ಆ ಮನೆಯ ಹೆಣ್ಣುಮಕ್ಕಳೆಲ್ಲ ಧಾರೆಗೆ ಉಡುವುದು ಒಂದೇ ಸೀರೆ: ಕೆಂಪು ಅಂಚಿನ, ಒಂಬತ್ತು ಗಜದ ಬಿಳಿ ಹತ್ತಿಸೀರೆ. ಉಳಿದ ಕಾಲದಲ್ಲಿ ಅದು ನುಸಿಗುಳಿಗೆಗಳ ನಡುವೆ ತಗಡಿನ ಪೆಟ್ಟಿಗೆಯಲ್ಲಿ ಮಲಗಿರುತ್ತಿತ್ತು. ಗಂಡ ಸತ್ತವಳು ಅದನ್ನು ಮುಟ್ಟುವಂತಿರಲಿಲ್ಲ.

ಮದುವೆಗೆ ಮೂರು ದಿನವಿತ್ತು. ಸಂಜೆ ಬಂದು ಪೆಟ್ಟಿಗೆ ತೆಗೆಯುತ್ತೇನೆ ಎಂದು ಹೇಳಿ ಅತ್ತೆ ವನಜಾಕ್ಷಿಯೊಡನೆ ನೆಂಟರನ್ನು ಕರೆಯಲು ಹೊರಟರು. ಅವರು ಗೇಟು ದಾಟಿದ ಮೇಲೆ ನನಗೆ ಥಟ್ಟನೆ ನೆನಪಾಯಿತು. ಮುಕುಂದ ತನ್ನ ಸೊಪ್ಪು ಬಚ್ಚಿಡುತ್ತಿದ್ದುದು ಆ ಪೆಟ್ಟಿಗೆಯಲ್ಲೇ. "ಮದುವೆ ಬಂದ್ರೆ ಮಾತ್ರ ತೆಗೆಯೋ ಪೆಟ್ಟಿಗೆ. ನುಸಿಗುಳಿಗೆ ಮುಂದೆ ಇದರ ವಾಸನೆ ಯಾವ ಲೆಕ್ಕ?" ಎಂದು ನಕ್ಕಿದ್ದ.

ತೆಗೆದೆ. ಬಾಳೆಪಟ್ಟೆಯಲ್ಲಿ ಸುತ್ತಿದ್ದ ಸೊಪ್ಪು ಮಳೆಗಾಲದ ಥಂಡಿಗೆ ನೀರೊಡೆದು ಸೀರೆಗೆ ಇಳಿದಿತ್ತು. ನಡುವೆ ಅಂಗೈಯಗಲದ ಕಂದು ಕಲೆ. ಅತ್ತೆ ಅದನ್ನು ಕಂಡರೆ ಮಗನನ್ನು ಕೊಂದದ್ದು ಯಾವುದೆಂದು ತಿಳಿಯುತ್ತಿತ್ತು. ನಾನು ಎಲ್ಲ ಬಲ್ಲೆನೆಂಬುದೂ. ತವರಿನಲ್ಲಿ ಯಾರೂ ಉಳಿದಿರಲಿಲ್ಲ, ಆ ಮನೆ ಬಿಟ್ಟರೆ ನನಗೆ ಬೇರೆ ಮನೆಯಿರಲಿಲ್ಲ.

ಹಿತ್ತಲಿನ ಒಗೆಯುವ ಕಲ್ಲಿನ ಬಳಿಗೆ ಸೀರೆ ಒಯ್ದೆ. ತಣ್ಣೀರಿನಲ್ಲಿ ಅದೇ ಕಂದು ಎಳೆ ಎದ್ದಿತು. ಅವನ ಹುಣ್ಣಿಗೆ ತಂದಿದ್ದ ಗ್ಲಿಸರಿನ್ ಬಾಟಲಿಯ ತಳದಲ್ಲಿತ್ತು, ಸವರಿದೆ. ಸೂಜಿ ಚುಚ್ಚುವ ಮುನ್ನ ತೋಳಿಗೆ ಒರೆಸುತ್ತಿದ್ದ ಸ್ಪಿರಿಟ್ ಉಳಿದಿತ್ತು, ಅದನ್ನೂ ಸುರಿದೆ. ಮದುವೆಗೆಂದು ತಂದ ನಿಂಬೆಹಣ್ಣು ಹಿಂಡಿದೆ. ಕಲೆ ಮಾಸಿತು, ಹೋಗಲಿಲ್ಲ. ಗಡಿಯಾರ ನಾಲ್ಕು ಹೊಡೆಯಿತು. ಆಗ ಮೊದಲ ವರ್ಷದ ವಿದ್ಯಾರ್ಥಿನಿಯೂ ಮಾಡದ ಕೆಲಸ ಮಾಡಿದೆ. ಹಂಡೆಯಿಂದ ಕುದಿನೀರು ತಂದು ಹೊಯ್ದೆ. ಕಲೆ ಸುಟ್ಟ ಗಾಯದಂತೆ ಅಂಚುಗಟ್ಟಿ ಕುಳಿತುಬಿಟ್ಟಿತು.

"ಹೊಗೆಸೊಪ್ಪಿನ ಕಲೆಗೆ ಬಿಸಿನೀರು ಹುಯ್ದೆಯಲ್ಲೇ. ಅಷ್ಟೆಲ್ಲ ಓದಿ."

ವನಜಾಕ್ಷಿಯನ್ನು ನೆಂಟರ ಮನೆಯಲ್ಲೇ ಬಿಟ್ಟು ಬೇಗ ಬಂದಿದ್ದ ಅತ್ತೆ ಹಿಂದೆ ನಿಂತಿದ್ದರು. ನಾನು ಬಾಯಿಬಿಡುವ ಮೊದಲೇ ಅವರು ಕಲ್ಲಿನ ಮೇಲೆ ಕುಳಿತು ಹೇಳತೊಡಗಿದರು. ಮುಕುಂದನ ಹದಿನಾರನೆಯ ವಯಸ್ಸಿನಿಂದ ಅವನ ಗವಸುಗಳನ್ನು ಮಾವನಿಗೆ ಕಾಣದಂತೆ ಒಗೆದವರು ಅವರೇ. ಬೈದಿದ್ದರು, ಹರಕೆ ಹೊತ್ತಿದ್ದರು. ಹೆಣ್ಣು ಸಿಗುವುದಿಲ್ಲವೆಂದು ನನ್ನ ತವರಿನವರಿಗೆ ತಿಳಿಯದಂತೆ ಮುಚ್ಚಿಟ್ಟಿದ್ದರು.

"ನೀನು ಬಂದ್ಮೇಲೆ ದಿನಾ ತಂತಿ ಮೇಲೆ ನೋಡ್ತಿದ್ದೆ. ಗವಸು ಬೆಳ್ಳಗೆ ಒಣಗ್ತಿರ್ತಿತ್ತು" ಎಂದರು. "ಬಿಟ್ಟಿದಾನೆ ಅಂದ್ಕೊಂಡೆ. ನೀನೇ ಬಿಡಿಸ್ದೆ ಅಂತ ದೇವರ ಮುಂದೆ ನಿನ್ನ ಹೆಸರಲ್ಲೊಂದು ದೀಪ ಹಚ್ತಿದ್ದೆ ಕಣೇ. ನಾಲ್ಕು ವರ್ಷ."

ಅವರು ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆ. ಕೂಗಲಿಲ್ಲ. ನಾನು ಕಲೆ ಬಿಡಿಸುವುದರಲ್ಲಿ ಅಷ್ಟು ಜಾಣೆಯಾಗಿರದಿದ್ದರೆ ಎಂಬ ಮಾತನ್ನು ಇಬ್ಬರೂ ಆಡಲಿಲ್ಲ.

ಅತ್ತೆ ಎದ್ದು ಒಳಗಿನಿಂದ ಅರಿಶಿನದ ಡಬ್ಬಿ ತಂದು, ಅಷ್ಟನ್ನೂ ಬೋಗುಣಿಯ ನೀರಿಗೆ ಸುರಿದರು. ಸೀರೆಯೆಲ್ಲ ಹಳದಿಯಾದರೆ ಒಂದು ಕಲೆಯನ್ನು ಯಾರೂ ಕೇಳುವುದಿಲ್ಲ, ಶುಭವೆಂದೇ ಅಂದುಕೊಳ್ಳುತ್ತಾರೆ ಎಂದರು. ಅದ್ದಿ ತೆಗೆದು, ಒಂದು ತುದಿಯನ್ನು ನನ್ನತ್ತ ಚಾಚಿದರು.

"ನಾನು ಮುಟ್ಟಬಾರದಲ್ವಾ, ಅತ್ತೆ?"

"ಮುಟ್ಟಿ ಆಯ್ತಲ್ಲ. ಹಿಡ್ಕೋ. ಒಬ್ಬಳ ಕೈಲಿ ಹಿಂಡೋಕಾಗಲ್ಲ."

ಅವರು ಬಲಕ್ಕೆ ತಿರುಚಿದರು, ನಾನು ಎಡಕ್ಕೆ. ಅವರು ನನ್ನ ಮುಖ ನೋಡಲಿಲ್ಲ. ಹಳದಿ ನೀರು ಧಾರೆಯಾಗಿ ಸುರಿದು, ಆಮೇಲೆ ಹನಿಹನಿಯಾಗಿ, ಆಮೇಲೆ ನಿಂತಿತು. ನೀರು ನಿಂತ ಮೇಲೂ ನಾವಿಬ್ಬರೂ ನಮ್ಮ ನಮ್ಮ ತುದಿಯನ್ನು ಬಿಡದೆ, ಮೊಣಕೈವರೆಗೆ ಹಳದಿಯಾಗಿ, ಹಾಗೆಯೇ ನಿಂತಿದ್ದೆವು.